ಮೇರಿ ಮೆಕ್ಲೌಡ್ ಬೆಥ್ಯೂನ್ ಅಮ್ಮನವರ ಚರಿತ್ರೆ

ಶಾಲೆಯಲ್ಲಿ ಕಲಿತ ವಿದ್ಯೆಯು ಕಲಿತವಳೊಬ್ಬಳ ಸೊತ್ತಾಗಿ ಉಳಿಯತಕ್ಕದ್ದೋ, ಇಲ್ಲವೆ ಅವಳ ಹಿಂದಿನಿಂದ ಬರುವ ತಂಗಿಯರಿಗೂ ಸಲ್ಲತಕ್ಕದ್ದೋ ಎಂಬ ಪ್ರಶ್ನೆಯು, ಹೈಸ್ಕೂಲಿನ ಬಾಗಿಲನ್ನು ದಾಟಿ ಹೊರಟ ಪ್ರತಿಯೊಬ್ಬ ವಿದ್ಯಾರ್ಥಿನಿಯ ಎದುರಿಗೂ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ. ಹಳೆಯ ವಿದ್ಯಾರ್ಥಿನಿಯರಿಗೂ, ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಒಪ್ಪಿಸಿರುವ ತಂದೆತಾಯಿಗಳಿಗೂ ಆ ಪ್ರಶ್ನೆಯು ಹೊಸದಲ್ಲ. ಅದಕ್ಕೆ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟ ಒಬ್ಬ ಸ್ತ್ರೀರತ್ನದ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯಲು ಅಪೇಕ್ಷಿಸುತ್ತೇವೆ. ಆಕೆಯು ದೂರದ ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ, ಕಪ್ಪು ವರ್ಣದ ಜನರೊಳಗೆ ಹುಟ್ಟಿದವಳು. ಆದರೂ ಆಕೆಯ ಕಥೆಯು ಹುಡುಗಿಯರ ಶಾಲೆ ಇರುವ ಯಾವ ಊರಿನವರಿಗೂ ಪರಕೀಯವಾಗಿ ತೋರದೆಂದು ನಮ್ಮ ನಂಬಿಕೆ.

ದಕ್ಷಿಣ ಕ್ಯಾರೊಲಿನಾ ಪ್ರಾಂತ್ಯದ ಮೇಸ್‌ವಿಲ್ ಎಂಬ ಊರಿನ ಸಮೀಪದಲ್ಲಿ 1875ನೆಯ ಇಸವಿ ಜುಲೈ 10ನೆಯ ತಾರೀಖು ಮೇರಿಯು ಜನಿಸಿದಳು. ತಂದೆ ಸ್ಯಾಮ್ಯುಯೆಲ್ ಮೆಕ್ಲೌಡ್, ತಾಯಿ ಪ್ಯಾಟ್ಸಿ. ಇವರೀರ್ವರೂ ಅನ್ಯರ ದಾಸರಾಗಿದ್ದವರು. 1865ರಲ್ಲಿ ಆ ದೇಶದಲ್ಲಿ ದಾಸತ್ವವು ರದ್ದಾದ ಮೇಲೆ ಸ್ವತಂತ್ರರಾಗಿ, ಸ್ವಲ್ಪ ಭೂಮಿಯನ್ನು ಸಂಪಾದಿಸಿ, ಹತ್ತಿಯನ್ನು ಬೆಳೆದು ಜೀವಿಸುತ್ತಿದ್ದರು. ಅವರ ಹದಿನೇಳು ಮಂದಿ ಮಕ್ಕಳಲ್ಲಿ ಮೇರಿಯು ಹದಿನೈದನೆಯವಳು. ಚಿಕ್ಕಂದಿನಿಂದಲೇ ಅವಳು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ತಾಯಿಯು ತನ್ನ ಹಿಂದಿನ ಯಜಮಾನರ ಮನೆಗೆ ಕೆಲಸಕ್ಕೆ ಹೋಗುವಾಗ ಒಂದು ದಿನ ಮೇರಿಯೂ ಜೊತೆಗೆ ಹೋಗಿ, ಅಲ್ಲಿಯ ಮಕ್ಕಳ ಕೋಣೆಯಲ್ಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡಳು. ಆ ಮನೆಯ ಬಿಳಿಯ ಹುಡುಗಿಯು, ನಿನಗೆ ಓದಲು ಬಾರದಾದುದರಿಂದ ಅದನ್ನು ಕೆಳಗಿಡಬೇಕೆಂದು ಹೇಳಿದಳು. ಬಿಳಿಯರಿಗೂ ತಮ್ಮವರಿಗೂ ಇರುವ ಭೇದವು ಈ ಓದು ಒಂದರಲ್ಲಿಯೇ ಅಡಗಿದೆ ಎಂಬ ಭಾವವು ಅಂದು ಆ ಬಾಲಿಕೆಯ ಮನಸ್ಸಿನಲ್ಲಿ ನಾಟಿ, ಕೊನೆಯ ವರೆಗೂ ಅಳಿಯಲಿಲ್ಲ.

ಮೇರಿಗೆ ಸುಮಾರು ಹತ್ತು ವರ್ಷವಾಗುತ್ತಿದ್ದಾಗ ಪ್ರೆಸ್ಬಿಟೇರಿಯನ್ ಮಿಶನಿನವರು ಮೇಸ್‌ವಿಲ್ಲಿನಲ್ಲಿ ಕಪ್ಪು ವರ್ಣದ ಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದರು. ಅದರ ಉಪಾಧ್ಯಾಯಿನಿ ಎಮ್ಮಾ ವಿಲ್ಸನ್ ಎಂಬವಳು; ಅವಳೂ ಕಪ್ಪು ವರ್ಣದವಳೇ. ಮನೆಯಲ್ಲಿ ಅಷ್ಟು ಮಂದಿ ಮಕ್ಕಳಿದ್ದರೂ ಹೊಲದ ಕೆಲಸವನ್ನು ಬಿಡಿಸಿ ಶಾಲೆಗೆ ಕಳುಹಿಸಲು ಒಬ್ಬರಿಗೆ ಮಾತ್ರವೇ ಅನುಕೂಲವಿತ್ತು. ಆ ಭಾಗ್ಯವು ಮೇರಿಗೆ ಒದಗಿತು. ದಿನವೂ ಐದು ಮೈಲಿ ನಡೆದು ಹೋಗಿ, ಐದು ಮೈಲಿ ನಡೆದು ಬಂದು, ಸಾಯಂಕಾಲ ತಾನು ಕಲಿತುದನ್ನು ಮನೆಯವರಿಗೆ ಕಲಿಸುತ್ತಿದ್ದಳು. ಹತ್ತಿಯ ತೂಕದಲ್ಲಿ ನೆರೆಹೊರೆಯವರಿಗೆ ಮೋಸವಾಗದಂತೆ ಲೆಕ್ಕವನ್ನೂ ನೋಡಿಕೊಡುತ್ತಿದ್ದಳು. ಹೀಗೆ ಅವಳ ವಿದ್ಯೆಯು ಮೊದಲನೆಯ ದಿನದಿಂದಲೇ ಹಂಚಿಕೊಂಡ ವಿದ್ಯೆಯಾಗಿತ್ತು.

ಮೇಸ್‌ವಿಲ್ಲಿನ ಪಾಠಗಳು ಮುಗಿದ ಮೇಲೆ ಮುಂದೆ ಓದಿಸಲು ತಂದೆಗೆ ಶಕ್ತಿಯಿರಲಿಲ್ಲ. ಆಗ ಬಹುದೂರದ ಡೆನ್ವರ್ ಪಟ್ಟಣದಲ್ಲಿ ಹೊಲಿಗೆಯಿಂದ ಜೀವಿಸುತ್ತಿದ್ದ ಮೇರಿ ಕ್ರಿಸ್ಮನ್ ಎಂಬ ಬಿಳಿಯ ಸ್ತ್ರೀಯು, ಕಪ್ಪು ವರ್ಣದ ಒಬ್ಬ ಹುಡುಗಿಯ ವಿದ್ಯಾಭ್ಯಾಸಕ್ಕೆಂದು ತನ್ನ ಉಳಿತಾಯದ ಹಣವನ್ನು ಕೊಟ್ಟಳು. ಎಮ್ಮಾ ವಿಲ್ಸನಳು ಈ ಸಹಾಯಕ್ಕೆ ಮೇರಿಯನ್ನೇ ಆರಿಸಿದಳು. 1888ರಲ್ಲಿ ಮೇರಿಯು ಉತ್ತರ ಕ್ಯಾರೊಲಿನಾದ ಕಾನ್‌ಕಾರ್ಡ್ ಪಟ್ಟಣದ ಸ್ಕೋಷಿಯಾ ಎಂಬ ಹುಡುಗಿಯರ ವಿದ್ಯಾಲಯವನ್ನು ಸೇರಿ, 1894ರ ವರೆಗೆ ಅಲ್ಲಿ ಓದಿದಳು. ಬಿಳಿಯ ಉಪಾಧ್ಯಾಯಿನಿಯರೂ ಕಪ್ಪು ವರ್ಣದ ಉಪಾಧ್ಯಾಯಿನಿಯರೂ ಜೊತೆಯಾಗಿ ಕಲಿಸುತ್ತಿದ್ದುದನ್ನು ಅವಳು ಮೊಟ್ಟಮೊದಲು ಕಂಡದ್ದು ಅಲ್ಲಿಯೇ.

ಅನಂತರ ಆಫ್ರಿಕಾ ಖಂಡದಲ್ಲಿ ಸೇವೆ ಮಾಡಬೇಕೆಂಬ ಹಂಬಲದಿಂದ ಚಿಕಾಗೋ ನಗರದ ಮೂಡಿ ವಿದ್ಯಾಲಯದಲ್ಲಿ ಒಂದು ವರ್ಷ ಶಿಕ್ಷಣ ಹೊಂದಿದಳು. ಆದರೆ ಕಪ್ಪು ವರ್ಣದವರನ್ನು ಆಫ್ರಿಕಾಕ್ಕೆ ಕಳುಹಿಸಲು ಸ್ಥಾನವಿಲ್ಲವೆಂದು ಮಿಶನ್ ಮಂಡಲಿಯವರು ಅವಳ ಅರ್ಜಿಯನ್ನು ನಿರಾಕರಿಸಿದರು. ಮಿಶನ್ ಶಾಲೆಯಲ್ಲಿ ಬೆಳೆದವಳಿಗೆ ಮಿಶನಿನ ಬಾಗಿಲೇ ಮುಚ್ಚಿಹೋದುದು ಎಂಥ ದುಃಖವೆಂದು ವಾಚಕರು ಊಹಿಸಿಕೊಳ್ಳಬಹುದು. ತನ್ನ ಬಾಳಿನ ಅತ್ಯಂತ ದೊಡ್ಡ ನಿರಾಶೆಯು ಅದೇ ಎಂದು ಆಕೆಯು ಮುಂದೆ ಹೇಳಿಕೊಂಡದ್ದುಂಟು.

ಈ ದುಃಖವನ್ನು ಮಾಯಿಸಿದವಳು ಲೂಸಿ ಲೇನಿ. ಈಕೆಯು 1883ರಲ್ಲಿ ಜಾರ್ಜಿಯಾ ಪ್ರಾಂತ್ಯದ ಆಗಸ್ಟಾ ಪಟ್ಟಣದಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಬೆರಳೆಣಿಕೆಯ ಮಕ್ಕಳನ್ನು ಕೂಡಿಸಿಕೊಂಡು ಶಾಲೆಯನ್ನು ಪ್ರಾರಂಭಿಸಿ, ಅದನ್ನು ಹೇನ್ಸ್ ವಿದ್ಯಾಲಯವಾಗಿ ಬೆಳೆಸಿದ್ದಳು. ಮೇರಿಯು 1896ರ ಸುಮಾರಿಗೆ ಅಲ್ಲಿ ಉಪಾಧ್ಯಾಯಿನಿಯಾದಳು. ಸೇವೆಗಾಗಿ ಸಮುದ್ರವನ್ನು ದಾಟಬೇಕಾಗಿಲ್ಲ, ಮನೆಯ ಬಾಗಿಲಲ್ಲಿಯೇ ಸಾವಿರಾರು ಹುಡುಗಿಯರು ಕೈಹಿಡಿಯುವವರಿಲ್ಲದೆ ನಿಂತಿದ್ದಾರೆ ಎಂಬ ಪಾಠವನ್ನು ಮೇರಿಯು ಲೇನಿಯವಳಿಂದ ಕಲಿತಳು. ಒಬ್ಬ ಹೆಂಗಸು ಹಣವಿಲ್ಲದೆ, ಆದರೆ ದೃಢವಾದ ಮನಸ್ಸಿನಿಂದ ಶಾಲೆಯನ್ನು ಕಟ್ಟಬಲ್ಲಳೆಂಬುದನ್ನೂ ಕಣ್ಣಾರೆ ಕಂಡಳು.

1898ರಲ್ಲಿ ಆಲ್ಬರ್ಟಸ್ ಬೆಥ್ಯೂನ್ ಎಂಬವರೊಡನೆ ಮೇರಿಯ ವಿವಾಹವಾಗಿ, ಮರುವರ್ಷ ಒಬ್ಬ ಮಗನು ಹುಟ್ಟಿದನು. ಇನ್ನು ಮುಂದೆ ನಾವು ಆಕೆಯನ್ನು ಬೆಥ್ಯೂನ್ ಅಮ್ಮನವರೆಂದೇ ಕರೆಯುವೆವು. ಫ್ಲಾರಿಡಾ ಪ್ರಾಂತ್ಯದ ಡೇಟೋನಾದಲ್ಲಿ ರೈಲು ಮಾರ್ಗದ ಕೂಲಿಗಳ ಮಕ್ಕಳು ಓದುಬರಹವಿಲ್ಲದೆ ಬೆಳೆಯುತ್ತಿದ್ದಾರೆಂದು ಕೇಳಿ, 1904ರಲ್ಲಿ ಅಮ್ಮನವರು ಅಲ್ಲಿಗೆ ಹೋದರು. ಆಗ ಅವರ ಕೈಯಲ್ಲಿದ್ದದ್ದು ಒಂದೂವರೆ ಡಾಲರು. ಬಾಡಿಗೆಯ ಸಣ್ಣ ಮನೆಯೊಂದರಲ್ಲಿ ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಐದು ಮಂದಿ ಹುಡುಗಿಯರಿಂದ ಶಾಲೆಯು ಆರಂಭವಾಯಿತು. ಅವರ ಜೊತೆಗೆ ಕುಳಿತು ಕಲಿತ ಹುಡುಗನು ಅಮ್ಮನವರ ಮಗನೊಬ್ಬನೇ. ಮರದ ಪೆಟ್ಟಿಗೆಗಳೇ ಮೇಜುಕುರ್ಚಿಗಳು, ಸುಟ್ಟ ಕಟ್ಟಿಗೆಯ ಚೂರುಗಳೇ ಪೆನ್ಸಿಲುಗಳು, ಕಾಡುಹಣ್ಣಿನ ರಸವೇ ಮಸಿ. ಅಮ್ಮನವರೂ ಹುಡುಗಿಯರೂ ಸಿಹಿಗೆಣಸಿನ ಕಡುಬುಗಳನ್ನು ಮಾಡಿ ಕೂಲಿಯವರಿಗೆ ಮಾರಿ ಹಣವನ್ನು ಕೂಡಿಸಿದರು. ಊರಿನ ಕಸವನ್ನು ಸುರಿಯುತ್ತಿದ್ದ ಒಂದು ಜಾಗವನ್ನು ಕೊಳ್ಳಲು ಮುಂಗಡವಾಗಿ ಕೊಟ್ಟ ಐದು ಡಾಲರು ಈ ವ್ಯಾಪಾರದಿಂದಲೇ ಬಂದದ್ದು; ಅದನ್ನು ಅಮ್ಮನವರು ಚಿಲ್ಲರೆಯಾಗಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಒಡೆಯನಿಗೆ ಕೊಟ್ಟರಂತೆ. ಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆಯು ಅಲ್ಲಿ ಅಕ್ಷರಶಃ ನಿಜವಾಯಿತು. 1907ರಲ್ಲಿ ಆ ಕಸದ ನೆಲದ ಮೇಲೆಯೇ ಫೇತ್ ಹಾಲ್, ಅಂದರೆ ವಿಶ್ವಾಸ ಮಂದಿರ, ಎಂಬ ಕಟ್ಟಡವು ಎದ್ದು ನಿಂತಿತು. ಅದೇ ವರ್ಷ ಪತಿಯು ಅಮ್ಮನವರನ್ನು ಬಿಟ್ಟು ತಮ್ಮ ಪ್ರಾಂತ್ಯಕ್ಕೆ ಹೊರಟುಹೋದರು; ಮನೆಯ ಭಾರವೂ ಶಾಲೆಯ ಭಾರವೂ ಅಮ್ಮನವರೊಬ್ಬರ ಮೇಲೆಯೇ ಬಿದ್ದುವು.

ಮೊದಮೊದಲು ಹೊಲಿಗೆ, ಅಡಿಗೆ, ಬೇಸಾಯಗಳ ಪಾಠಗಳು ಓದುಬರಹದ ಜೊತೆಗೆ ನಡೆಯುತ್ತಿದ್ದುವು. ಇಂಥ ಕೈಗೆಲಸದ ಶಿಕ್ಷಣವು ಹುಡುಗಿಯರನ್ನು ಬಿಳಿಯರ ಮನೆಗಳ ಸೇವಕಿಯರನ್ನಾಗಿ ಮಾತ್ರ ಮಾಡೀತೆಂದು ಆ ಕಾಲದಲ್ಲಿ ಆಕ್ಷೇಪಿಸಿದವರಿದ್ದರು. ಆ ಆಕ್ಷೇಪಣೆಯು ನಿರಾಧಾರವೆಂದು ನಾವು ಹೇಳಲಾರೆವು. ಶಾಲೆಗೆ ಹಣ ಕೊಟ್ಟವರಲ್ಲಿ ಸಾಬೂನಿನ ವರ್ತಕರಾದ ಜೇಮ್ಸ್ ಗ್ಯಾಂಬಲ್, ಹೊಲಿಗೆಯಂತ್ರದ ವರ್ತಕರಾದ ಥಾಮಸ್ ವೈಟ್ ಮೊದಲಾದ ಬಿಳಿಯ ಧನಿಕರೇ ಮುಖ್ಯರು. ಅಂಥವರಲ್ಲಿ ಬಹುಮಂದಿಗೆ ರುಚಿಸುತ್ತಿದ್ದದ್ದು ಕೈಗೆಲಸದ ಪಾಠವೇ. ಅಮ್ಮನವರು ಅವರ ನೆರವನ್ನು ಸ್ವೀಕರಿಸಿದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕಾಲಕ್ರಮದಲ್ಲಿ ಹೈಸ್ಕೂಲಿನ ತರಗತಿಗಳನ್ನೂ, ಉಪಾಧ್ಯಾಯಿನಿಯರ ಮತ್ತು ದಾದಿಯರ ಶಿಕ್ಷಣವನ್ನೂ ಏರ್ಪಡಿಸಿ, ಹುಡುಗಿಯರು ತಮ್ಮ ಜನರಿಗೇ ಗುರುಗಳೂ ಪೋಷಕಿಯರೂ ಆಗುವಂತೆ ಮಾಡಿದರು. ಕಲಿಯುವುದಕ್ಕಾಗಿ ಒಳಗೆ ಬರುವುದು, ಸೇವೆಗಾಗಿ ಹೊರಗೆ ಹೋಗುವುದು ಎಂಬುದು ಆ ಶಾಲೆಯ ಧ್ಯೇಯವಾಯಿತು. ಶಾಲೆಯ ಭಾನುವಾರದ ಸಭೆಗಳಲ್ಲಿ ಹುಡುಗಿಯರು ಹಾಡುವುದನ್ನು ಕೇಳಲು ಬಿಳಿಯರೂ ಬರುತ್ತಿದ್ದರು. ವರ್ಣಕ್ಕೊಂದು ಸ್ಥಳವೆಂಬ ಪದ್ಧತಿಯು ಊರಲ್ಲೆಲ್ಲಾ ಇದ್ದರೂ, ಆ ಸಭೆಗಳಲ್ಲಿ ಎಲ್ಲರೂ ಬೆರೆತು ಕುಳಿತುಕೊಳ್ಳಬೇಕಾಗಿತ್ತು.

ಒಮ್ಮೆ ವಿದ್ಯಾರ್ಥಿನಿಯೊಬ್ಬಳಿಗೆ ಕರುಳಿನ ತೀವ್ರ ಬೇನೆಯಾಗಿ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಯಿತು. ಊರಿನಲ್ಲಿದ್ದದ್ದು ಬಿಳಿಯರ ಆಸ್ಪತ್ರೆ ಮಾತ್ರ. ಅಲ್ಲಿಯವರು ಬಹಳವಾಗಿ ಬೇಡಿಕೊಂಡ ಮೇಲೆ ಚಿಕಿತ್ಸೆ ಮಾಡಿದರೂ, ಹುಡುಗಿಯನ್ನು ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ ಮಲಗಿಸಿದ್ದರು. ಅದನ್ನು ಕಂಡ ಅಮ್ಮನವರು 1911ರಲ್ಲಿ ಎರಡೇ ಹಾಸಿಗೆಗಳಿಂದ ಒಂದು ಆಸ್ಪತ್ರೆಯನ್ನು ಪ್ರಾರಂಭಿಸಿ, ಅದಕ್ಕೆ ತಮ್ಮ ತವರಿನ ಮೆಕ್ಲೌಡ್ ಎಂಬ ಹೆಸರನ್ನಿಟ್ಟರು. ತನ್ನ ಮಗಳೊಬ್ಬಳಿಗಾದ ಅವಮಾನಕ್ಕೆ ಊರಿನ ಹೆಣ್ಣುಮಕ್ಕಳಿಗೆಲ್ಲ ಉಪಯೋಗವಾಗುವ ಆಸ್ಪತ್ರೆಯನ್ನು ಕಟ್ಟಿ ಉತ್ತರ ಕೊಡುವುದು ತಾಯಿಯಾದವಳಿಗೆ ಮಾತ್ರವೇ ಸಾಧ್ಯವಷ್ಟೆ!

1920ರಲ್ಲಿ ಅಮೇರಿಕಾದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಿತು. ಅಮ್ಮನವರು ತಮ್ಮ ಜನರಿಗೆ ಓದುಬರಹದ ರಾತ್ರಿ ತರಗತಿಗಳನ್ನು ನಡೆಯಿಸಿ, ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಲು ಧೈರ್ಯ ತುಂಬಿದರು. ಇದರಿಂದ ಕೆರಳಿದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನವರು, ಆ ದಶಕದ ಆರಂಭದ ಒಂದು ಚುನಾವಣೆಯ ಹಿಂದಿನ ರಾತ್ರಿ, ಬಿಳಿಯ ಮುಸುಕುಗಳನ್ನು ಧರಿಸಿ ಶಾಲೆಯ ಆವರಣಕ್ಕೆ ನುಗ್ಗಿದರು. ಒಳಗೆ ವಸತಿಯ ಹುಡುಗಿಯರಿದ್ದರು. ಅಮ್ಮನವರು ದೀಪಗಳನ್ನು ಬೆಳಗಿಸಿ, ಅವರೆದುರಿಗೆ ಅಚಲರಾಗಿ ನಿಂತರು. ಬಂದವರು ಬಂದ ದಾರಿಯನ್ನೇ ಹಿಡಿದರು. ಮರುದಿನ ಬೆಳಿಗ್ಗೆ ಅಮ್ಮನವರು ತಮ್ಮ ಜನರನ್ನು ಕರೆದುಕೊಂಡು ಮತ ಕೊಡುವುದಕ್ಕೆ ಹೋದರು.

ಶಾಲೆಯ ಒಳಗಿನ ಹುಡುಗಿಯರಿಗೆ ಹೀಗೆ ಆಶ್ರಯವಿತ್ತು, ಹೊರಗಿನವರ ಗತಿಯೇನು? 1917ರಿಂದ ಅಮ್ಮನವರು ಫ್ಲಾರಿಡಾದ ಕಪ್ಪು ವರ್ಣದ ಸ್ತ್ರೀಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷಿಣಿಯಾಗಿದ್ದರು. ದಾರಿತಪ್ಪಿದರೆಂದು ನ್ಯಾಯಾಲಯಗಳ ಮುಂದೆ ತರಲ್ಪಟ್ಟ ಕಪ್ಪು ವರ್ಣದ ಎಳೆಯ ಹುಡುಗಿಯರಿಗೆ ಇರಲು ತಕ್ಕ ಮನೆಯಿರಲಿಲ್ಲ. ಸಂಘದ ಹೆಂಗಸರು ಚಿಲ್ಲರೆಕಾಸು ಕೂಡಿಸಿ 1921ರಲ್ಲಿ ಒಕಾಲಾ ಎಂಬ ಊರಿನಲ್ಲಿ ಅವರಿಗಾಗಿ ಒಂದು ಮನೆಯನ್ನು ತೆರೆದರು. ತಪ್ಪಿ ನಡೆದವಳೂ ತಂಗಿಯೇ ಎಂಬ ತತ್ತ್ವವನ್ನು ಬಾಯಿಂದ ಹೇಳುವವರು ಬಹಳ ಮಂದಿ. ಅವಳಿಗೆ ಮನೆ ಕಟ್ಟಿಸಿದವರು ವಿರಳ.

1923ರಲ್ಲಿ ಡೇಟೋನಾದ ಶಾಲೆಯು ಜ್ಯಾಕ್ಸನ್‌ವಿಲ್ಲಿನ ಕುಕ್‌ಮನ್ ವಿದ್ಯಾಲಯದೊಡನೆ ಸೇರಿ, ಹುಡುಗರೂ ಹುಡುಗಿಯರೂ ಕಲಿಯುವ ಸಂಸ್ಥೆಯಾಯಿತು. 1931ರಲ್ಲಿ ಅದಕ್ಕೆ ಬೆಥ್ಯೂನ್-ಕುಕ್‌ಮನ್ ಕಾಲೇಜು ಎಂಬ ಹೆಸರು ಬಂದಿತು. 2007ರಿಂದ ಅದು ವಿಶ್ವವಿದ್ಯಾನಿಲಯವಾಗಿದೆ. ಸಂಸ್ಥೆಯು ಹೀಗೆ ಬಲಗೊಂಡಿತಾದರೂ, ಹತ್ತೊಂಬತ್ತು ವರ್ಷ ಬಾಳಿದ ಆ ಹುಡುಗಿಯರ ಶಾಲೆಯು ಹುಡುಗಿಯರ ಶಾಲೆಯಾಗಿ ಉಳಿಯಲಿಲ್ಲ. ಅಕ್ಕತಂಗಿಯರ ಆ ಬಂಧವು ಅಲ್ಲಿಗೆ ಮುಗಿಯಿತೆ? ಇಲ್ಲ. ಅಮ್ಮನವರು ಅದನ್ನು ಕಾಂಪೌಂಡಿನ ಗೋಡೆಯ ಹೊರಗೆ ದೇಶದಲ್ಲೆಲ್ಲಾ ಹರಡಿದರು. 1924ರಿಂದ 1928ರ ವರೆಗೆ ಕಪ್ಪು ವರ್ಣದ ಸ್ತ್ರೀಯರ ರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷಿಣಿಯಾಗಿದ್ದರು. 1935ರ ಡಿಸೆಂಬರ್ 5ರಂದು ನ್ಯೂಯಾರ್ಕಿನಲ್ಲಿ, ಚದರಿಹೋಗಿದ್ದ ಅನೇಕ ಸ್ತ್ರೀಸಂಘಗಳನ್ನು ಒಂದುಗೂಡಿಸಿ ನೀಗ್ರೋ ಸ್ತ್ರೀಯರ ರಾಷ್ಟ್ರೀಯ ಮಂಡಲಿಯನ್ನು ಸ್ಥಾಪಿಸಿ, 1949ರ ವರೆಗೆ ಅದನ್ನು ನಡೆಯಿಸಿದರು. 1936ರಿಂದ ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟರ ಸರಕಾರದ ಯುವಜನ ಇಲಾಖೆಯಲ್ಲಿ ಕಪ್ಪು ವರ್ಣದವರ ವಿಭಾಗವು ಅವರ ವಶದಲ್ಲಿದ್ದು, ಬಡ ತರುಣ ತರುಣಿಯರಿಗೆ ಓದಿಗೂ ಉದ್ಯೋಗಕ್ಕೂ ಸಹಾಯವು ದೊರೆಯಿತು. 1945ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯನ್ನು ಸ್ಥಾಪಿಸಿದ ಸಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿಯೂ ಅವರು ಸಲಹೆಗಾರರಾಗಿ ಕುಳಿತರು.

ಇಷ್ಟು ದೊಡ್ಡ ಪದವಿಗಳ ನಡುವೆ ನಡೆದ ಒಂದು ಚಿಕ್ಕ ಸಂಗತಿಯು ನಮಗೆ ಅತ್ಯಂತ ಅರ್ಥವತ್ತಾಗಿ ತೋರುತ್ತದೆ. 1937ರ ನವೆಂಬರ್ ತಿಂಗಳಲ್ಲಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಕ್ರೈಸ್ತ ಯುವತಿಯರ ಸಂಘದ ಕಟ್ಟಡದಲ್ಲಿ ಮಂಡಲಿಯ ಸಭೆಯೊಂದು ನೆರೆದಿತ್ತು. ಅತಿಥಿಯಾಗಿ ಬಂದ ರೂಸ್‌ವೆಲ್ಟರ ಪತ್ನಿಯನ್ನು ಒಳಗೆ ಕರೆದೊಯ್ಯಲು ಡೊರೊಥಿ ಹೈಟ್ ಎಂಬ ಇಪ್ಪತ್ತೈದು ವರ್ಷದ ಕೆಲಸಗಾರ್ತಿಯನ್ನು ನೇಮಿಸಿದ್ದರು. ಹುಡುಗಿಯಾಗಿದ್ದಾಗ, ವರ್ಷಕ್ಕೆ ಇಬ್ಬರೇ ಕಪ್ಪು ವರ್ಣದವರಿಗೆ ಸ್ಥಳವೆಂಬ ನಿಯಮದಿಂದ ಒಂದು ಹೆಸರಾಂತ ಕಾಲೇಜಿನ ಬಾಗಿಲಲ್ಲಿ ತಡೆಯಲ್ಪಟ್ಟವಳು ಅವಳು. ಅಮ್ಮನವರು ಅವಳ ಹೆಸರನ್ನು ಕೇಳಿ, ತಮ್ಮ ಮಂಡಲಿಗೆ ಅವಳು ಬೇಕೆಂದು ಹೇಳಿ, ಅಂದೇ ಅವಳನ್ನು ಕೆಲಸಕ್ಕೆ ಹಚ್ಚಿದರು. ಆ ಡೊರೊಥಿ ಹೈಟ್ 1957ರಿಂದ ನಾಲ್ಕು ದಶಕಗಳ ಕಾಲ ಅದೇ ಮಂಡಲಿಯನ್ನು ನಡೆಯಿಸಿ, 2010ರಲ್ಲಿ ತೀರಿಕೊಂಡರು. ಎಮ್ಮಾ ವಿಲ್ಸನಳು ಮೇರಿಯನ್ನು ಆರಿಸಿದಂತೆ, ಲೂಸಿ ಲೇನಿಯು ಅವಳಿಗೆ ದಾರಿ ತೋರಿಸಿದಂತೆ, ಅಮ್ಮನವರು ಡೊರೊಥಿಯ ಕೈ ಹಿಡಿದರು.

1955ನೆಯ ಇಸವಿ ಮೇ 18ರಂದು, ಎಪ್ಪತ್ತೊಂಬತ್ತು ವರ್ಷದವರಾಗಿ, ಬೆಥ್ಯೂನ್ ಅಮ್ಮನವರು ಡೇಟೋನಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ದೇಹವು ತಾವು ಕಟ್ಟಿದ ವಿದ್ಯಾಲಯದ ನೆಲದಲ್ಲಿಯೇ ಸಮಾಧಿ ಹೊಂದಿದೆ. 1974ರಲ್ಲಿ ವಾಷಿಂಗ್ಟನ್ ನಗರದ ಲಿಂಕನ್ ಪಾರ್ಕಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಅದರಲ್ಲಿ ಅವರು ಒಬ್ಬ ಹುಡುಗನಿಗೂ ಒಬ್ಬ ಹುಡುಗಿಗೂ ತಮ್ಮ ಉಯಿಲಿನ ಸುರುಳಿಯನ್ನು ಕೊಡುತ್ತಿದ್ದಾರೆ. 2022ರಲ್ಲಿ ಆ ದೇಶದ ಸಂಸದ್ಭವನದ ಪ್ರತಿಮಾಮಂದಿರದಲ್ಲಿ, ದಾಸತ್ವವನ್ನು ಉಳಿಸಲು ಯುದ್ಧಮಾಡಿದ ಪಕ್ಷದ ಸೇನಾಪತಿಯೊಬ್ಬನ ಪ್ರತಿಮೆಯಿದ್ದ ಸ್ಥಾನಕ್ಕೆ, ಫ್ಲಾರಿಡಾ ಪ್ರಾಂತ್ಯವು ದಾಸರ ಮಗಳಾದ ಇವರ ಅಮೃತಶಿಲೆಯ ಪ್ರತಿಮೆಯನ್ನು ಕಳುಹಿಸಿತು. ಆ ಪ್ರತಿಮೆಯ ಕೈಯಲ್ಲಿ ಒಂದು ಕಪ್ಪು ಗುಲಾಬಿಯಿದೆ. 1927ರಲ್ಲಿ ಯುರೋಪಿನ ಪ್ರವಾಸದಲ್ಲಿ ಬಣ್ಣಬಣ್ಣದ ಗುಲಾಬಿಗಳ ನಡುವೆ ಕಪ್ಪು ಗುಲಾಬಿಯೊಂದು ಸಮಾನವಾಗಿ ಅರಳಿರುವುದನ್ನು ಕಂಡಂದಿನಿಂದ, ಅಮ್ಮನವರು ತಮ್ಮ ವಿದ್ಯಾರ್ಥಿಗಳನ್ನು ಕಪ್ಪು ಗುಲಾಬಿಗಳೆಂದು ಕರೆಯುತ್ತಿದ್ದರು.

ಹತ್ತಿಯ ಹೊಲದಲ್ಲಿದ್ದ ಒಬ್ಬ ಹುಡುಗಿಯನ್ನು ಮೇಲೆತ್ತಲು ಮೂವರು ಹೆಂಗಸರು ಬೇಕಾದರು: ಬಾಗಿಲಿಗೆ ಬಂದು ಕರೆದ ಉಪಾಧ್ಯಾಯಿನಿ, ಮುಖವನ್ನೇ ಕಾಣದೆ ಹಣ ಕೊಟ್ಟ ಹೊಲಿಗೆಯವಳು, ಎದೆಗುಂದಿದಾಗ ಕೆಲಸ ಕೊಟ್ಟ ಹಿರಿಯಳು. ಇವರಲ್ಲಿ ಯಾರೂ ಧನಿಕರಾಗಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇಂದು ಉಪಾಧ್ಯಾಯಿನಿಯರಾಗಿರುವರು, ಕೆಲವರು ಸಂಪಾದಿಸುತ್ತಿರುವರು, ಕೆಲವರು ಮನೆಯನ್ನು ನಡೆಯಿಸುತ್ತಿರುವರು. ಈ ಮೂರು ಕೆಲಸಗಳಲ್ಲಿ ಒಂದಾದರೂ ಪ್ರತಿಯೊಬ್ಬಳಿಗೂ ಸಾಧ್ಯವಾದುದೇ. ಫೀಸು ಕಟ್ಟಲಾರದೆ ಓದನ್ನು ನಿಲ್ಲಿಸಲಿರುವ ಒಬ್ಬ ಹುಡುಗಿಯು ನಮ್ಮ ನಮ್ಮ ಬೀದಿಗಳಲ್ಲಿಯೇ ಇರಬಹುದು. ತಂದೆತಾಯಿಗಳೂ ತಮ್ಮ ಮಗಳ ಏಳಿಗೆಯನ್ನು ಹಾರೈಸುವಾಗ ಅವಳ ಪಕ್ಕದಲ್ಲಿ ಕುಳಿತಿರುವ ಗೆಳತಿಯನ್ನೂ ನೆನೆಯಲಿ. ಬೆಥ್ಯೂನ್ ಅಮ್ಮನವರಂಥವರು ಎಲ್ಲಿ ಬೆಳೆಯುತ್ತಿದ್ದಾರೋ ನಾವು ಅರಿಯೆವು. ಆದುದರಿಂದ ಕೈಗೆ ನಿಲುಕುವ ಯಾವ ಹುಡುಗಿಯ ಕೈಯನ್ನೂ ಬಿಡದಿರುವುದೇ ಲೇಸು.