ಪಂಜಾಬಿನ ರಾಜ್ಯಪಾಲರಾಗಿದ್ದ ಡಾ. ಡಿ. ಸಿ. ಪಾವಟೆ

ಕನ್ನಡ ನಾಡಿನ ಹಳ್ಳಿಯೊಂದರ ಬಡ ರೈತ ಕುಟುಂಬದಲ್ಲಿ ಹುಟ್ಟಿ, ವಿದ್ಯಾಬಲವೊಂದರಿಂದಲೇ ದೇಶದ ಉನ್ನತ ಸ್ಥಾನಗಳಿಗೇರಿದ ಮಹನೀಯರಲ್ಲಿ ಡಾ. ದಾದಪ್ಪ ಚಿಂತಪ್ಪ ಪಾವಟೆಯವರು ಅಗ್ರಗಣ್ಯರು. ಅವರು 1899ರಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಜನಿಸಿದರು. ಮನೆಯ ಬಡತನವು ಅವರ ಓದಿಗೆ ಅಡ್ಡಿಯಾಗಲಿಲ್ಲ. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ, ರಾಂಗ್ಲರ್ ಎಂಬ ಅಪರೂಪದ ಗೌರವದೊಂದಿಗೆ ತಾಯ್ನಾಡಿಗೆ ಮರಳಿದರು.

ಅಂದಿನ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಅದರ ನಿರ್ದೇಶಕರ ಹುದ್ದೆಯನ್ನೂ ನಿರ್ವಹಿಸಿದರು. 1954ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. 1949ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು ಮರುವರ್ಷ ಧಾರವಾಡಕ್ಕೆ ಬಂದಿದ್ದ ಆ ಸಂಸ್ಥೆ ಆಗಿನ್ನೂ ಎಳೆಯದು. ಮುಂದಿನ ಹದಿಮೂರು ವರ್ಷಗಳ ಕಾಲ ಪಾವಟೆಯವರು ಅದನ್ನು ಕಟ್ಟಿ ಬೆಳೆಸಿದರು. ಗುಡ್ಡದ ಮೇಲಿನ ಆ ವಿಶಾಲ ಆವರಣವನ್ನು ಇಂದಿಗೂ ಪಾವಟೆ ನಗರವೆಂದೇ ಕರೆಯುತ್ತಾರೆ. ಶೂನ್ಯಸಂಪಾದನೆಯ ಆಂಗ್ಲ ಅನುವಾದದ ಮೊದಲ ಸಂಪುಟವನ್ನು ವಿಶ್ವವಿದ್ಯಾಲಯವು 1965ರಲ್ಲಿ, ಅವರ ಆಡಳಿತಾವಧಿಯಲ್ಲಿಯೇ ಹೊರತಂದಿತು. ಶರಣರ ಅನುಭಾವವು ಕನ್ನಡವರಿಯದ ವಿದ್ವಾಂಸರಿಗೂ ತಲುಪುವಂತಾದುದು ಸಣ್ಣ ಸಂಗತಿಯಲ್ಲ.

1967ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಪಂಜಾಬಿನ ರಾಜ್ಯಪಾಲರಾದರು. ಭಾಷೆಯ ಆಧಾರದ ಮೇಲೆ ಆ ರಾಜ್ಯವು ಪುನರ್ವಿಂಗಡಣೆಯಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಪಕ್ಷಾಂತರಗಳಿಂದ ಸರ್ಕಾರಗಳು ಉರುಳುತ್ತಿದ್ದವು. ರಾಜಕಾರಣದ ಅನುಭವವಿಲ್ಲದ ಶಿಕ್ಷಣತಜ್ಞರಿಗೆ ಅದು ಕಠಿಣ ಪರೀಕ್ಷೆಯ ಕಾಲ.

ಆ ಪರೀಕ್ಷೆ 1968ರ ಮಾರ್ಚ್‌ನಲ್ಲಿ ಎದುರಾಯಿತು. ಲಛ್ಮನ್ ಸಿಂಗ್ ಗಿಲ್ ಅವರ ಸರ್ಕಾರದ ಬಜೆಟ್ ಅಧಿವೇಶನ ನಡೆದಿರುವಾಗಲೇ, ಸಭೆಯಲ್ಲಿ ಗದ್ದಲವೆದ್ದು, ಮಾರ್ಚ್ 7ರಂದು ಸಭಾಧ್ಯಕ್ಷರು ಸದನವನ್ನು ಎರಡು ತಿಂಗಳು ಮುಂದೂಡಿದರು. ಮಾರ್ಚ್ 31ರೊಳಗೆ ಸದನವು ಹಣಕಾಸಿಗೆ ಒಪ್ಪಿಗೆ ನೀಡದಿದ್ದರೆ, ಮರುದಿನದಿಂದ ಬೊಕ್ಕಸದ ಹಣವನ್ನು ವೆಚ್ಚಮಾಡಲು ಸರ್ಕಾರಕ್ಕೆ ಅಧಿಕಾರವೇ ಇರುತ್ತಿರಲಿಲ್ಲ. ನೌಕರರ ವೇತನದಿಂದ ಆಸ್ಪತ್ರೆಯ ಔಷಧದವರೆಗೆ ಎಲ್ಲವೂ ಸ್ಥಗಿತಗೊಳ್ಳುವ ಅಪಾಯವಿತ್ತು. ಪಾವಟೆಯವರು ಮಾರ್ಚ್ 11ರಂದು ಅಧಿವೇಶನವನ್ನು ಮುಕ್ತಾಯಗೊಳಿಸಿದರು. ಹಣಕಾಸಿನ ಕಲಾಪ ಮುಗಿಯುವವರೆಗೆ ಸದನದ ಸಮ್ಮತಿಯಿಲ್ಲದೆ ಸಭೆಯನ್ನು ಮುಂದೂಡಬಾರದೆಂದು ಸುಗ್ರೀವಾಜ್ಞೆ ಹೊರಡಿಸಿ, 18ರಂದು ಸಭೆಯನ್ನು ಮತ್ತೆ ಕರೆದರು. ಅಂದು ಸಭಾಧ್ಯಕ್ಷರು ಪುನಃ ಸಭೆ ಮುಂದೂಡಿ ಹೊರನಡೆದಾಗ, ಉಪಸಭಾಧ್ಯಕ್ಷರ ಅಧ್ಯಕ್ಷತೆಯಲ್ಲಿ ಹಣಕಾಸು ಮಸೂದೆಗಳು ಅಂಗೀಕಾರವಾದವು.

ವಿವಾದ ಅಲ್ಲಿಗೇ ಮುಗಿಯಲಿಲ್ಲ. ಉಚ್ಚ ನ್ಯಾಯಾಲಯವು ಆ ಕಾಯಿದೆಗಳನ್ನು ಅಸಿಂಧುಗೊಳಿಸಿತು. ಆದರೆ ಅದೇ ವರ್ಷದ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ರಾಜ್ಯಪಾಲರ ಕ್ರಮ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಇಂದಿಗೂ ಸಂವಿಧಾನದ ವಿದ್ಯಾರ್ಥಿಗಳು ಆ ಪ್ರಕರಣವನ್ನು ಅಭ್ಯಸಿಸುತ್ತಾರೆ.

1973ರ ಮೇ ತಿಂಗಳವರೆಗಿನ ಅವರ ಅವಧಿಯಲ್ಲಿ ನಾಲ್ವರು ಮುಖ್ಯಮಂತ್ರಿಗಳು ಆಳಿದರು. ಎರಡು ಬಾರಿ ರಾಷ್ಟ್ರಪತಿ ಆಡಳಿತ ಜಾರಿಗೆ ಬಂದಿತು. 1971ರ ಯುದ್ಧದ ಬಿಸಿಯನ್ನೂ ಆ ಗಡಿರಾಜ್ಯ ಅನುಭವಿಸಿತು. ಈ ಅನುಭವಗಳನ್ನು ಅವರು ಆಂಗ್ಲ ಭಾಷೆಯ ಗ್ರಂಥವೊಂದರಲ್ಲಿ ದಾಖಲಿಸಿದ್ದಾರೆ. 1979ರಲ್ಲಿ ಅವರು ಲಿಂಗೈಕ್ಯರಾದರು.

ಪಾವಟೆಯವರ ಹೆಸರಿನ ಫೆಲೋಶಿಪ್ ಪಡೆದು ನಮ್ಮ ನಾಡಿನ ಪ್ರತಿಭಾವಂತರು ಅವರು ಕಲಿತ ಕೇಂಬ್ರಿಜ್‌ಗೆ ತೆರಳುತ್ತಿದ್ದಾರೆ. ಪದವಿಯನ್ನು ಅಲಂಕಾರವೆಂದು ಭಾವಿಸದೆ ಕಾಯಕವೆಂದು ನಿರ್ವಹಿಸಿದವರ ಬದುಕು ಹೀಗೆಯೇ ಮುಂದಿನವರಿಗೆ ದಾರಿಯಾಗುತ್ತದೆ. ಮಮದಾಪುರದ ಆ ಬಾಲಕನ ಕಥೆಯನ್ನು ನಮ್ಮ ಮಕ್ಕಳಿಗೆ ತಿಳಿಹೇಳೋಣ.