ಚಿತ್ರಕಾರ ಜೋಶುವಾ ಜಾನ್ಸನ್

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ 1764ರಲ್ಲಿ ಜಾರ್ಜ್ ಜಾನ್ಸನ್ ಎಂಬ ಬಿಳಿಯನು ತನ್ನ ಸ್ವಂತ ಮಗನನ್ನೇ 25 ಪೌಂಡು ಕೊಟ್ಟು ಕೊಂಡನು. ತಾಯಿ ಗುಲಾಮಳಾದುದರಿಂದ ಕೂಸೂ ಒಡೆಯನ ಸೊತ್ತು. ಅಂದಿನ ಕಾನೂನೇ ಹಾಗಿತ್ತು. ಕ್ರಯಪತ್ರದಲ್ಲಿ ಆ ತಾಯಿಯ ಹೆಸರಿಲ್ಲ. ಆ ಮಗುವೇ ಮುಂದೆ ಬಾಲ್ಟಿಮೋರ್ ಪಟ್ಟಣದಲ್ಲಿ ಚಿತ್ರಕಾರನೆನಿಸಿದ ಜೋಶುವಾ.

1782ರಲ್ಲಿ ತಂದೆಯು ಬಿಡುಗಡೆಯ ಪತ್ರ ಬರೆದುಕೊಟ್ಟನು. ಕಮ್ಮಾರನ ಬಳಿಯ ಕಲಿಕೆ ಮುಗಿದೊಡನೆ, ಇಲ್ಲವೆ 21 ವರ್ಷ ತುಂಬಿದೊಡನೆ ಹುಡುಗನು ಸ್ವತಂತ್ರನು. ನಮಗೆಲ್ಲ ಪ್ರಾಯ ತಾನಾಗಿ ಬರುತ್ತದೆ. ಅವನಿಗದು ಕಾಗದದ ಮೇಲೆ ಬಂದಿತು.

ತಾನು ಗುರುವಿಲ್ಲದೆ ಕಲಿತ ಪ್ರತಿಭಾವಂತನೆಂದೂ, ಅಡ್ಡಿಗಳನ್ನು ದಾಟಿ ಬಂದವನೆಂದೂ 1798ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟನು. ತನ್ನ ಬಣ್ಣದ ಮಾತನ್ನು ಎತ್ತಲಿಲ್ಲ. ಇದನ್ನು ನಾನು ಅಂಜಿಕೆ ಎನ್ನಲಾರೆ. ಗಿರಾಕಿಗಳು ಹೆಚ್ಚಾಗಿ ಬಿಳಿಯ ವರ್ತಕರು, ಹಡಗಿನ ಕಪ್ತಾನರು. ಹೊಟ್ಟೆಪಾಡು ಅವರಿಂದಲೇ ನಡೆಯಬೇಕು. ಅವರನ್ನೂ ಅವರ ಮಕ್ಕಳನ್ನೂ ಹಿತ್ತಾಳೆ ಮೊಳೆಗಳ ಕುರ್ಚಿ, ಸೋಫಾಗಳ ಮೇಲೆ ಕೂರಿಸಿ ಬರೆದನು. ಆ ಮೊಳೆಗಳನ್ನು ಒಂದೊಂದಾಗಿ ಎಣಿಸಬಹುದು. ಕಮ್ಮಾರನ ಕಣ್ಣು ಎಂದು ನನ್ನ ಊಹೆ!

ಆತನವೆಂದು ಗುರುತಿಸಿದ ಚಿತ್ರಗಳು 80ಕ್ಕೂ ಮಿಕ್ಕಿವೆ, ಸಹಿಯಿರುವುದು ಒಂದರಲ್ಲೇ. ಕರಿಯರ ಭಾವಚಿತ್ರಗಳೆಂದು ತಿಳಿದವು ಎರಡು ಮಾತ್ರ. ಆ ಇಬ್ಬರು ಗಂಡಸರೂ ವರ್ತಕರಷ್ಟೇ ಗಂಭೀರವಾಗಿ ನಮ್ಮನ್ನು ದಿಟ್ಟಿಸುತ್ತಾರೆ. ನನಗೆ ಮೆಚ್ಚಿಗೆಯಾದವು ಇವೇ.

1816ರ ಪಟ್ಟಣದ ವಿಳಾಸಪುಸ್ತಕವು ಆತನನ್ನು ಸ್ವತಂತ್ರ ಕರಿಯ ಗೃಹಸ್ಥರ ಪಟ್ಟಿಯಲ್ಲಿ ಸೇರಿಸಿದೆ. 1824ರ ತರುವಾಯ ಸುಳಿವಿಲ್ಲ. 1939ರಲ್ಲಿ ಪ್ಲೆಸೆಂಟ್ಸ್ ಎಂಬ ವಿದ್ವಾಂಸರು ಶೋಧಿಸಿ ಪ್ರಕಟಿಸುವವರೆಗೆ ಚಿತ್ರಗಳಿದ್ದವು, ಚಿತ್ರಕಾರನಿರಲಿಲ್ಲ. ತನ್ನ ಮುಖವನ್ನು ಆತ ಬರೆದಿದ್ದರೆ, ಅದು ನಮ್ಮ ಕೈ ಸೇರಿಲ್ಲ.