ಮೈಲುಗಲ್ಲೂ ತಂದೆಯ ಹೆಗಲೂ

ಶಾಲೆಯ ವರ್ಷವು ಅರ್ಧ ಕಳೆಯುವಷ್ಟರಲ್ಲಿ ಮಕ್ಕಳ ಉತ್ಸಾಹವು ಕುಂದತೊಡಗುತ್ತದೆ. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ರಾತ್ರಿ ಮನೆ ಸೇರುವ ತಂದೆಗೆ ಪುಸ್ತಕದ ಮೇಲೆಯೇ ತೂಕಡಿಸುವ ಮಗನನ್ನು ಕಂಡರೆ ಸಿಟ್ಟು ಬರುವುದು ಸಹಜ. ಅಂತಹ ಗೃಹಸ್ಥರು ಪಂಡಿತ ಈಶ್ವರಚಂದ್ರ ವಿದ್ಯಾಸಾಗರರ ಬಾಲ್ಯವನ್ನು ಒಮ್ಮೆ ಅವಲೋಕಿಸಬೇಕೆಂದು ನಾವು ಬಯಸುತ್ತೇವೆ.

ಈಶ್ವರಚಂದ್ರರು 1820ರ ಸೆಪ್ಟೆಂಬರ್ 26ರಂದು ಬಂಗಾಲದ ಬೀರಸಿಂಹ ಗ್ರಾಮದಲ್ಲಿ ಜನಿಸಿದರು. ತಂದೆ ಠಾಕೂರದಾಸರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಕಲಕತ್ತೆ ಸೇರಿದ್ದ ಬಡ ಗುಮಾಸ್ತರು. ತಿಂಗಳ ಸಂಬಳ 10 ರೂಪಾಯಿ. 1828ರಲ್ಲಿ ಅವರು ಎಂಟು ವರ್ಷದ ಮಗನನ್ನು ಓದಿಸಲೆಂದು ಕಾಲ್ನಡಿಗೆಯಲ್ಲಿ ನಗರಕ್ಕೆ ಕರೆತಂದರು. ದಾರಿಯ ಬದಿಯ ಮೈಲುಗಲ್ಲನ್ನು ಕಂಡ ಬಾಲಕನು ಅದನ್ನು ಮಸಾಲೆ ಅರೆಯುವ ಕಲ್ಲೆಂದು ಭಾವಿಸಿದನು. ತಂದೆ ನಕ್ಕು, ಅದರ ಮೇಲಿನ ಇಂಗ್ಲಿಷ್ ಅಂಕೆಗಳ ಗುರುತನ್ನು ಹೇಳಿಕೊಟ್ಟರು. ಒಂದೊಂದು ಕಲ್ಲನ್ನು ದಾಟಿದಂತೆ ಬಾಲಕನು ಒಂದೊಂದು ಅಂಕೆಯನ್ನು ಕಲಿತನು. ಪರೀಕ್ಷೆಗಾಗಿ ತಂದೆಯು ಆರನೆಯ ಕಲ್ಲನ್ನು ಮರೆಸಿ ಐದನೆಯದನ್ನು ತೋರಿಸಿದಾಗ, ಇದು ಆರು ಆಗಬೇಕಾಗಿತ್ತು, ತಪ್ಪಾಗಿ ಐದೆಂದು ಕೆತ್ತಿದ್ದಾರೆ ಎಂದು ಆತನು ತೀರ್ಮಾನಿಸಿದನು. ಅಂದಿನ ನಡಿಗೆಯೇ ಆತನಿಗೆ ಪಾಠವಾಯಿತು.

ಆದರೆ ನಗರದಲ್ಲಿ ಕೆಲವೇ ತಿಂಗಳಲ್ಲಿ ಬಾಲಕನು ಕಾಯಿಲೆ ಬಿದ್ದನು. ಅಜ್ಜಿ ಬಂದು ಊರಿಗೆ ಕರೆದೊಯ್ದರು. ಗುಣವಾದ ಮೇಲೆ ಎರಡನೆಯ ಪ್ರಯಾಣ. ಹೊರುವ ಆಳು ಬೇಡ, ತಾನೇ ನಡೆಯುವೆನೆಂದು ಧೈರ್ಯದಿಂದ ಹೊರಟವನ ಕಾಲುಗಳು ದಾರಿಯಲ್ಲಿ ಸೋತವು. ಮುಂದೆ ಕಲ್ಲಂಗಡಿ ಹಣ್ಣು ಕೊಡಿಸುವೆನೆಂದು ತಂದೆ ಆಸೆ ತೋರಿದರು, ಕೊಡಿಸಿಯೂ ಕೊಟ್ಟರು. ಕಾಲುನೋವು ಇಳಿಯಲಿಲ್ಲ. ಗದರಿದರು, ಏಟನ್ನೂ ಕೊಟ್ಟರು. ಅದರಿಂದಲೂ ಒಂದು ಹೆಜ್ಜೆ ಮುಂದೆ ಸಾಗಲಿಲ್ಲ. ಕೊನೆಗೆ, ಸ್ವತಃ ಬಲಹೀನರಾಗಿದ್ದ ಆ ತಂದೆಯೇ ಮಗನನ್ನು ಹೆಗಲ ಮೇಲೆ ಹೊತ್ತು, ನಡುನಡುವೆ ಇಳಿಸಿ ನಡೆಸಿ, ದಾರಿ ಸಾಗಿಸಿದರು.

1829ರ ಜೂನ್ ತಿಂಗಳಲ್ಲಿ ಬಾಲಕನು ಸಂಸ್ಕೃತ ಕಾಲೇಜನ್ನು ಸೇರಿದನು. ರಾತ್ರಿ ಕೆಲಸದಿಂದ ಮರಳಿದ ತಂದೆ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಿದ್ರೆ ಹೋಗಿದ್ದರೆ ಹೊಡೆತವೇ ಗತಿ. ಅವರು ಆಶ್ರಯ ಪಡೆದಿದ್ದ ಬಡಾಬಜಾರಿನ ಮನೆಯಲ್ಲಿ ರಾಯಿಮಣಿ ಎಂಬ ಮಹಿಳೆಯು ಬಾಲಕನನ್ನು ಸ್ವಂತ ಮಗನಂತೆ ಕಂಡರು. ಆಕೆಯ ಅಕ್ಕರೆಯನ್ನು ವಿದ್ಯಾಸಾಗರರು ಕೊನೆಯವರೆಗೆ ಮರೆಯಲಿಲ್ಲ. ತಮ್ಮಂದಿರೂ ನಗರಕ್ಕೆ ಬಂದ ಮೇಲೆ ಅಡಿಗೆ ಮಾಡುವ, ಪಾತ್ರೆ ತೊಳೆಯುವ ಕೆಲಸವೂ ಆತನ ಪಾಲಿಗೆ ಬಂದಿತು. ಹೀಗೆ ಹನ್ನೆರಡು ವರ್ಷಗಳ ವ್ಯಾಸಂಗ ನಡೆಯಿತು.

1841ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 50 ರೂಪಾಯಿ ಸಂಬಳದ ಪಂಡಿತ ಹುದ್ದೆಯು ದೊರೆಯಿತು. ಒಡನೆಯೇ ಅವರು ತಂದೆಯನ್ನು ನೌಕರಿಯಿಂದ ಬಿಡಿಸಿ ಊರಿಗೆ ಕಳುಹಿಸಿ, ಅವರ ಖರ್ಚಿಗೆ ತಿಂಗಳಿಗೆ 20 ರೂಪಾಯಿ ಕಳುಹಿಸತೊಡಗಿದರು. 1851ರಲ್ಲಿ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾದಾಗ ಭಾನುವಾರದ ವಾರದ ರಜೆಯನ್ನು ಜಾರಿಗೆ ತಂದರು. 1855ರಲ್ಲಿ ಮಕ್ಕಳಿಗಾಗಿ ವರ್ಣಪರಿಚಯವೆಂಬ ಸುಲಭ ಪಾಠಪುಸ್ತಕವನ್ನು ರಚಿಸಿದರು. ಮುಂದೆ ತಾವು ನಡೆಸಿದ ಮೆಟ್ರೊಪಾಲಿಟನ್ ಸಂಸ್ಥೆಯಲ್ಲಿ ಮಕ್ಕಳನ್ನು ಹೊಡೆಯಕೂಡದೆಂದು ವಿಧಿಸಿದರು. ವಿಧವಾ ವಿವಾಹಕ್ಕೆ 1856ರಲ್ಲಿ ಕಾನೂನಿನ ಮನ್ನಣೆ ದೊರೆತದ್ದೂ ಅವರ ಹೋರಾಟದ ಫಲವೇ. 1891ರ ಜುಲೈ 29ರಂದು ಅವರು ಕಾಲವಶರಾದರು.

ತಂದೆಯನ್ನು ಅವರು ಕಡೆಯತನಕ ಪೂಜ್ಯಭಾವದಿಂದಲೇ ಕಂಡರು. ಆದರೂ ತಾವು ಉಂಡ ಏಟನ್ನು ತಮ್ಮ ಶಾಲೆಯ ಮಕ್ಕಳಿಗೆ ಉಣಿಸಲಿಲ್ಲ ಎಂಬುದು ಗಮನಾರ್ಹ. ದಣಿದ ಮಗುವಿಗೆ ಇಡೀ ವರ್ಷದ ದೂರವನ್ನು ತೋರಿಸಿದರೆ ಅದು ಕುಸಿಯುತ್ತದೆ. ಮುಂದಿನ ಒಂದು ಮೈಲುಗಲ್ಲನ್ನು ತೋರಿಸಿದರೆ ನಡೆಯುತ್ತದೆ. ಕಾಲು ನಿಜವಾಗಿಯೂ ಸೋತಾಗ ಹಣ್ಣಿನ ಆಸೆಯೂ ಬೆತ್ತದ ಭಯವೂ ನಿಷ್ಪ್ರಯೋಜಕ. ಆಗ ಬೇಕಾದುದು ಹೆಗಲು. 10 ರೂಪಾಯಿ ಸಂಬಳದ ಗುಮಾಸ್ತರಿಗೆ ಸಾಧ್ಯವಾದುದು ನಮ್ಮ ವಾಚಕ ಬಾಂಧವರಿಗೂ ಅಸಾಧ್ಯವಲ್ಲವೆಂದು ನಾವು ನಂಬುತ್ತೇವೆ.